‘ಎಳ’ ಎಂಬ ಗುಣವಚನ

ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಸುತ್ತಣ ತೆಂಗಿನ ಸೀಮೆಯಲ್ಲಿ ಎಳನೀರು, ಬಲಿತ ಕಾಯಿ, ಕೊಬ್ಬರಿ ಎಂಬಿವು ಒಂದೇ ಫಲದ ಮೂರು ಅವಸ್ಥೆಗಳು. ಇವುಗಳಲ್ಲಿ ಮೊದಲನೆಯದರ ವಿಶೇಷಣವಾದ ‘ಎಳ’ ಶಬ್ದದ ವಿಷಯದಲ್ಲಿ ಒಂದು ಸಂದೇಹವು ಹುಟ್ಟುವುದು. ನೂಲಿನ ಎಳೆಯಂತೆ ಕೃಶವಾದುದೇ ಎಳೆಯದು ಎಂದು ವ್ಯುತ್ಪತ್ತಿ ಹೇಳಬಹುದೆ?

ಹೇಳಲಾಗದು. ನೂಲಿನ ಎಳೆಯೂ ಎಳೆಯುವ ಕ್ರಿಯೆಯೂ ಮೂಲದಲ್ಲಿ ೞಕಾರವುಳ್ಳವು; ತಮಿಳಿನ ‘ಇೞೈ’, ‘ಇೞು’ ಎಂಬಿವು ಇದಕ್ಕೆ ಸಾಕ್ಷಿ. ಕೋಮಲಾರ್ಥದ ‘ಎಳ’ವಾದರೋ ತಮಿಳಿನ ‘ಇಳ’ದ ಜ್ಞಾತಿ, ಅಲ್ಲಿಯೂ ಳಕಾರವೇ. ತಮಿಳಿನ ಇಕಾರಕ್ಕೆ ಇಂತಹ ಸ್ಥಳಗಳಲ್ಲಿ ಕನ್ನಡದಲ್ಲಿ ಎಕಾರ ಬರುವುದನ್ನು ‘ಇಲೈ’–‘ಎಲೆ’ ಮೊದಲಾದ ಜೋಡಿಗಳಲ್ಲಿ ಕಾಣಬಹುದು. 13ನೆಯ ಶತಮಾನದ ಕೇಶಿರಾಜನು ೞಕಾರದ ಶಬ್ದಗಳನ್ನು ಶಬ್ದಮಣಿದರ್ಪಣದಲ್ಲಿ ಎಣಿಸಿ ಹೇಳಬೇಕಾಯಿತೆಂಬುದರಿಂದಲೇ ಆ ಅಕ್ಷರವು ಆಗಲೇ ಬಳಕೆ ತಪ್ಪುತ್ತಿದ್ದುದು ವ್ಯಕ್ತವಾಗುವುದು. ಅದು ಳಕಾರದಲ್ಲಿ ಬೆರೆತ ಬಳಿಕ ಬೇರೆ ಬೇರೆ ಕುಲದ ಮಾತುಗಳು ಒಂದೇ ರೂಪವನ್ನು ತಾಳಿದುವು.

ಸಮಾಸದಲ್ಲಿ ‘ಎಳ’ ಪೂರ್ವಪದವಾದಾಗ ಮುಂದಿನ ಕ, ತ, ಪಗಳು ಗ, ದ, ವಗಳಾಗುವುವು: ಎಳಗರು, ಎಳದಳಿರ್, ಎಳವೆರೆ. ಬಿಡಿಯಾಗಿ ನಿಂತಾಗ ‘ಎಳೆಯ ಮಗು’ ಎಂಬಂತೆ ‘ಎಳೆಯ’ ಎಂಬ ರೂಪವು ಸಲ್ಲುವುದು. ಅರ್ಥವೂ ವಯಸ್ಸಿನಲ್ಲಿಯೇ ನಿಲ್ಲದೆ ಎಳಬಿಸಿಲಿನಲ್ಲಿ ಹೊತ್ತನ್ನೂ, ಎಳನಗೆಯಲ್ಲಿ ಮಾರ್ದವವನ್ನೂ ಸೂಚಿಸುವುದು.

ಆದರೆ ‘ಕಿರಿದು’ ಇದಕ್ಕೆ ಪರ್ಯಾಯವಲ್ಲ. ಸಣ್ಣದಾಗಿ ಬಲಿತ ಕಾಯಿ ಕಿರಿದು, ಎಳೆಯದಲ್ಲ. ದಪ್ಪನಾದ ಎಳನೀರು ಹಿರಿದಾದರೂ ಎಳೆಯದೇ. ಒಂದು ಪರಿಮಾಣವಾಚಕ, ಮತ್ತೊಂದು ಪರಿಪಾಕವಾಚಕ. ನಿಘಂಟನ್ನು ತೆರೆಯದ ತೋಟಿಗನು ಈ ಭೇದವನ್ನು ತಪ್ಪದೆ ಪಾಲಿಸುವನು. ಪಾಠ ಹೇಳುವ ನಾವೂ ಪಾಲಿಸುವುದು ಯುಕ್ತ.