ಟರ್ಫ್ ಬದಿಯ ಕಾಫಿ

ರಾತ್ರಿ ಹತ್ತರ ಹೊತ್ತಿಗೆ ಠಾಣೆಯ ಘೋಡಬಂದರ್ ರಸ್ತೆಯ ಟರ್ಫ್‌ಗಳು ರಂಗೇರುತ್ತವೆ. ಆಫೀಸು ಮುಗಿಸಿ, ಮಾಜಿವಾಡದ ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಬಂದ ಹುಡುಗರು ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆಡುವ ಫುಟ್ಬಾಲ್ ಅದು. ಬೂಟು ಕಟ್ಟಿಕೊಳ್ಳುವ ಮುನ್ನ ಕೆಲವರ ಕೈಯಲ್ಲಿ ಎನರ್ಜಿ ಡ್ರಿಂಕ್ ಡಬ್ಬಿ, ಇನ್ನು ಕೆಲವರ ಕೈಯಲ್ಲಿ ಉಡುಪಿ ಹೋಟೆಲಿನ ಕಾಫಿ. ಕಾಫಿ ಕುಡಿದರೆ ಕಾಲು ಚುರುಕಾಗುತ್ತದೆಯೇ ಎಂಬ ಪ್ರಶ್ನೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ.

ಕನ್ನಡನಾಡಿನ ಕಾಫಿಯೂ ಫುಟ್ಬಾಲೂ ಮುಂಬೈಯಲ್ಲಿ ಹೆಸರು ಮಾಡಿದ್ದು ಹೆಚ್ಚುಕಡಿಮೆ ಒಟ್ಟಿಗೇ. 1936ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಕೆಫೆ ಮೈಸೂರು ತೆರೆದರು. ಅದೇ ವರ್ಷ ಚರ್ಚ್‌ಗೇಟಿನಲ್ಲಿ ಇಂಡಿಯಾ ಕಾಫಿ ಹೌಸ್ ಬಾಗಿಲು ತೆರೆಯಿತು. ಮರುವರ್ಷ, ಅಲ್ಲಿಂದ ನಡೆದೇ ಹೋಗಬಹುದಾದ ಕೂಪರೇಜ್ ಮೈದಾನದಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. 1891ರಿಂದ ಬ್ರಿಟಿಷ್ ಪಲ್ಟಣಗಳ ಪಾಲಾಗುತ್ತಿದ್ದ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡ ಅದು. 1938ರಲ್ಲಿ ಮತ್ತೆ ಗೆದ್ದು, ಅದೃಷ್ಟದ ಗೆಲುವೆಂದವರ ಬಾಯಿ ಮುಚ್ಚಿಸಿತು. ಮುಂದೆ ಉಡುಪಿ ಹೋಟೆಲುಗಳು ಲೋಕಲ್ ರೈಲಿನ ಹಳಿ ಹಿಡಿದು ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ಹಬ್ಬಿದವು. ಘೋಡಬಂದರ್ ರಸ್ತೆಯಲ್ಲಿ ಕಾರ್ಖಾನೆಗಳು ಹೋಗಿ ಟವರುಗಳು ಎದ್ದಾಗ ಫಿಲ್ಟರ್ ಕಾಫಿ ಅವುಗಳ ಬುಡಕ್ಕೂ ಬಂತು.

ಅತ್ತ ವಿಜ್ಞಾನಿಗಳು ಕಾಫಿಯ ಶಕ್ತಿಯನ್ನು ಅಳೆಯಲು ಹೊರಟಿದ್ದು ಇದಕ್ಕೂ ಮೊದಲೇ. ನೀಲಗಿರಿಯ ತೋಡರ ಬಗ್ಗೆ 1906ರಲ್ಲಿ ದೊಡ್ಡ ಪುಸ್ತಕ ಪ್ರಕಟಿಸಿದ ಕೇಂಬ್ರಿಜ್ಜಿನ ಡಬ್ಲ್ಯು.ಎಚ್.ಆರ್. ರಿವರ್ಸ್, ಮರುವರ್ಷವೇ ಸಹೋದ್ಯೋಗಿ ವೆಬ್ಬರ್ ಜೊತೆ ಕೆಫೀನಿನ ಮೇಲೆ ಪ್ರಬಂಧ ಬರೆದರು. ಪ್ರಯೋಗಕ್ಕೆ ಒಡ್ಡಿಕೊಂಡವರೂ ಅವರೇ. ಬೆರಳಿಗೆ ಭಾರ ಕಟ್ಟಿಕೊಂಡು, ಬೆರಳು ಸೋತು ನಿಲ್ಲುವವರೆಗೆ ಮತ್ತೆ ಮತ್ತೆ ಎಳೆಯಬೇಕು. ಇವತ್ತು ಕುಡಿದದ್ದರಲ್ಲಿ ಕೆಫೀನ್ ಇತ್ತೋ ಇಲ್ಲವೋ ಗೊತ್ತಾಗಬಾರದೆಂದು ರುಚಿಯನ್ನೂ ಮರೆಮಾಚಿದ್ದರು. ಕೆಫೀನ್ ಇದ್ದ ದಿನ ಬೆರಳು ಹೆಚ್ಚು ದುಡಿಯಿತು.

1978ರಲ್ಲಿ ಅಮೆರಿಕದ ಡೇವಿಡ್ ಕಾಸ್ಟಿಲ್ ತಂಡ ಇದನ್ನೇ ಸೈಕಲ್ ಸವಾರರ ಮೇಲೆ ನೋಡಿತು. ಕೆಫೀನ್ ಇಲ್ಲದ ದಿನ ಸುಮಾರು 75 ನಿಮಿಷಕ್ಕೆ ಕೈಚೆಲ್ಲಿದವರು, 330 ಮಿಲಿಗ್ರಾಂ ಕೆಫೀನ್ ಸೇವಿಸಿದ ದಿನ 90 ನಿಮಿಷ ತುಳಿದರು. ದೇಹ ಕೊಬ್ಬನ್ನು ಹೆಚ್ಚು ಸುಡುವುದೇ ಇದಕ್ಕೆ ಕಾರಣವೆಂದು ಆಗ ಅಂದುಕೊಂಡಿದ್ದರು. ಆಮೇಲೆ ಗಮನ ಮಿದುಳಿನ ಕಡೆ ಹೊರಳಿತು: ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ. ದಣಿವು ಎಲ್ಲಿಗೂ ಹೋಗಿರುವುದಿಲ್ಲ. ಸುದ್ದಿ ತಡವಾಗುತ್ತದೆ, ಅಷ್ಟೇ.

ಇಷ್ಟು ಗೊತ್ತಾದ ಮೇಲೆ ಕ್ರೀಡಾಡಳಿತ ಸುಮ್ಮನಿದ್ದೀತೇ? 1984ರಲ್ಲಿ ಒಲಿಂಪಿಕ್ ಸಮಿತಿ ಕೆಫೀನಿಗೆ ಮಿತಿ ಹಾಕಿತು. ಒಂದು ಮಿಲಿಲೀಟರ್ ಮೂತ್ರದಲ್ಲಿ 12 ಮೈಕ್ರೋಗ್ರಾಂ ದಾಟಿದರೆ ತಪ್ಪು ಎಂಬುದು ಮುಂದೆ ಉಳಿದುಕೊಂಡ ಲೆಕ್ಕ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಪೆಂಟಾಥ್ಲಾನ್ ಪಟು ಅಲೆಕ್ಸ್ ವಾಟ್ಸನ್ ಇದರಲ್ಲಿ ಸಿಕ್ಕಿಬಿದ್ದು ಮನೆಗೆ ಮರಳಿದರು. ತಾನು ಕುಡಿದದ್ದು ಬರೀ ಕಾಫಿ ಎಂಬ ಅವರ ವಾದ ನಡೆಯಲಿಲ್ಲ. ಆದರೆ ಒಬ್ಬೊಬ್ಬರ ದೇಹ ಕೆಫೀನನ್ನು ಒಂದೊಂದು ವೇಗದಲ್ಲಿ ಹೊರಹಾಕುತ್ತದೆ. ಮೂತ್ರ ನೋಡಿ ಚಟವೋ ಮೋಸವೋ ಎಂದು ಹೇಳುವುದು ಕಷ್ಟ. 2004ರ ಜನವರಿ 1ರಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಕೆಫೀನನ್ನು ನಿಷೇಧದ ಪಟ್ಟಿಯಿಂದ ತೆಗೆಯಿತು.

ಫುಟ್ಬಾಲಿನ ಪಾಲಿಗೆ ಮುಖ್ಯವಾದ ಪ್ರಯೋಗ ನಡೆದದ್ದು ಅದಾದ ಮೇಲೆ. ಫಾಸ್ಕೆಟ್, ಅಲಿ, ಗ್ಯಾಂಟ್ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ಆಟಗಾರರು ಪಂದ್ಯವನ್ನೇ ಹೋಲುವ 90 ನಿಮಿಷದ ಕಸರತ್ತು ಮಾಡಿದರು. ಕೆಫೀನ್ ಸೇವಿಸಿದಾಗ ಪಾಸುಗಳು ಹೆಚ್ಚು ನಿಖರವಾದವು, ಜಿಗಿತವೂ ಹೆಚ್ಚಿತು. ತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ, ಆಟಕ್ಕೆ ಸುಮಾರು ಒಂದು ಗಂಟೆ ಮುಂಚೆ ಎಂಬುದು ಈಗ ಸಾಮಾನ್ಯವಾಗಿ ಹೇಳುವ ಪ್ರಮಾಣ. 65 ಕಿಲೋ ತೂಗುವ ಹುಡುಗನಿಗೆ ಅದು 200 ಮಿಲಿಗ್ರಾಮಿನ ಆಸುಪಾಸಿನಿಂದ ಶುರು. ಹೋಟೆಲಿನ ಸಣ್ಣ ಲೋಟ ಒಂದರಲ್ಲಿ ಅದು ಸಿಗುವುದಿಲ್ಲ. ಡಿಕಾಕ್ಷನ್ನಿನಲ್ಲಿ ಚಿಕೋರಿ ಬೆರೆತಷ್ಟೂ ಕೆಫೀನ್ ಕಡಿಮೆ. ಕಿಕ್‌ಆಫ್‌ಗೆ ಐದು ನಿಮಿಷ ಮೊದಲು ಗುಟುಕರಿಸಿದ ಕಾಫಿಯ ಪೂರ್ತಿ ಫಲ ಕಾಣುವಷ್ಟರಲ್ಲಿ ಟರ್ಫಿನ ಒಂದು ಗಂಟೆ ಮುಗಿಯುತ್ತ ಬಂದಿರುತ್ತದೆ.

ಅಷ್ಟಕ್ಕೇ ಮುಗಿಯುವುದೂ ಇಲ್ಲ. 2012ರ ಅಕ್ಟೋಬರ್ 16ರಂದು ವಾರ್ಸಾದಲ್ಲಿ ಪೋಲೆಂಡ್ ಎದುರು ಆಡಲು ಸಜ್ಜಾಗಿದ್ದ ಇಂಗ್ಲೆಂಡಿನ ಕೆಲವು ಆಟಗಾರರು ಕೆಫೀನ್ ಗುಳಿಗೆ ನುಂಗಿದ್ದರು. ಕ್ರೀಡಾಂಗಣದ ಛಾವಣಿ ಮುಚ್ಚಿರಲಿಲ್ಲ, ಮಳೆ ಸುರಿದು ಪಂದ್ಯ ಮರುದಿನಕ್ಕೆ ಹೋಯಿತು. ನುಂಗಿದ ಗುಳಿಗೆ ಮಾತ್ರ ಮುಂದೂಡಲಾಗದೆ ಅವರ ನಿದ್ದೆ ಕೆಡಿಸಿತು. ಮರುದಿನದ ಫಲಿತಾಂಶ 1-1.

ಘೋಡಬಂದರ್ ರಸ್ತೆಯ ಕಥೆಯೂ ಬೇರೆಯಲ್ಲ. ಸೇವಿಸಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದದ್ದು ನಸುಕಿನ ಮೂರಕ್ಕೂ ಅರ್ಧ ಉಳಿದಿರುತ್ತದೆ. ಬೆಳಿಗ್ಗೆ ಲೋಕಲ್ ಹಿಡಿಯುವವನಿಗೆ ಈ ವ್ಯಾಪಾರ ನಷ್ಟದ್ದೇ. ಶಾಲೆ ಹುಡುಗರಿಗಂತೂ ಇದು ಬೇಡವೇ ಬೇಡ. ಮಕ್ಕಳಿಗೆ ಯೋಗ್ಯವಲ್ಲ ಎಂಬ ಸಾಲನ್ನು ಎನರ್ಜಿ ಡ್ರಿಂಕ್ ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತಾರೆ. ಮಕ್ಕಳನ್ನು ಕೋಚಿಂಗಿಗೆ ಬಿಡಲು ಬರುವ ಅಪ್ಪ ಅಮ್ಮಂದಿರು ದಯವಿಟ್ಟು ಅದನ್ನೊಮ್ಮೆ ಓದಬೇಕು.