ಅಪ್ಪನ ಕಾಲುಚೀಲ ಮತ್ತು ಈಜುಕೊಳದ ಇಂಜಿನಿಯರ್

ಅಪ್ಪ ಇಪ್ಪತ್ತೊಂಬತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅಂದ್ರೆ ಇಪ್ಪತ್ತೊಂಬತ್ತು ವರ್ಷ ನಿಂತೇ ಇದ್ದವರು. ಸಂಜೆ ಮನೆಗೆ ಬಂದು ಶೂ ಬಿಚ್ಚಿದರೆ ಕಾಲು ಊದಿಕೊಂಡಿರುತ್ತಿತ್ತು. ನಾನು ಚಿಕ್ಕವನಿದ್ದಾಗ ಅಲ್ಲಿ ಬೆರಳಿಂದ ಒತ್ತಿ, ಗುಳಿ ಬೀಳೋದು ನೋಡಿ ನಗ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ನಿವೃತ್ತಿಯಾದ ಮೇಲೆ ಅವರ ಬಲಗಾಲಿನ ಹರಡಿನ ಹತ್ತಿರ ಒಂದು ಹುಣ್ಣಾಯ್ತು. ಎಂಟು ತಿಂಗಳು ಮಾಯಲಿಲ್ಲ. ಅರಿಶಿನ, ಮುಲಾಮು, ಮಾತ್ರೆ, ಹರಕೆ ಎಲ್ಲಾ ಆಯ್ತು. ಕೊನೆಗೆ ರಕ್ತನಾಳದ ಡಾಕ್ಟರೊಬ್ಬರು ಬಿಗಿ ಪಟ್ಟಿ ಕಟ್ಟಿ ಕಟ್ಟಿ ಮಾಯಿಸಿದರು. "ಇನ್ಮೇಲೆ ದಿನಾ ಬಿಗಿ ಕಾಲುಚೀಲ ಹಾಕ್ಕೊಳ್ಳಿ" ಅಂದರು. ಬೆಲೆ ಎರಡು ಸಾವಿರ ಚಿಲ್ಲರೆ. "ಕಾಲುಚೀಲಕ್ಕೆ ಎರಡು ಸಾವಿರಾನಾ? ಇದೆಲ್ಲ ಬಿಸಿನೆಸ್ ಅಪ್ಪ" ಅಂತ ಹೇಳಿದವನು ನಾನೇ. ಅಪ್ಪ ಅದನ್ನು ಬೀರುವಿನಲ್ಲಿಟ್ಟರು. ವರ್ಷದೊಳಗೆ ಹುಣ್ಣು ವಾಪಸ್ ಬಂತು.

ಆಮೇಲೆ ಈ ಕಾಲುಚೀಲದ ಚರಿತ್ರೆ ಓದಲು ಕೂತೆ. ಓದಿದಷ್ಟೂ ನನ್ನ ಇಂಜಿನಿಯರಿಂಗ್ ಡಿಗ್ರಿಯ ಮೇಲೆ ಅನುಮಾನ ಬಂತು :-)

ಕಾಲಿನ ಹುಣ್ಣಿಗೆ ಬಟ್ಟೆ ಬಿಗಿದು ಕಟ್ಟೋದು ಹಿಪ್ಪೊಕ್ರೇಟಿಸನ ಕಾಲದ ಗ್ರಂಥಗಳಲ್ಲೇ ಇದೆ. ಆದರೆ ಯಾಕೆ ಗುಣವಾಗುತ್ತೆ ಅನ್ನೋದು ತಿಳಿಯಲು ಎರಡು ಸಾವಿರ ವರ್ಷ ಬೇಕಾಯ್ತು. 1603ರಲ್ಲಿ ಇಟಲಿಯ ಪಾದುವಾದಲ್ಲಿ ಫ್ಯಾಬ್ರಿಸಿಯಸ್ ಎಂಬ ಅಂಗರಚನಾ ಪಂಡಿತ ಅಭಿಧಮನಿಗಳ ಒಳಗಿರುವ ಪುಟ್ಟ ಬಾಗಿಲುಗಳ ಬಗ್ಗೆ ಪುಸ್ತಕ ಬರೆದ. ಅವನ ಶಿಷ್ಯ ಇಂಗ್ಲೆಂಡಿನ ವಿಲಿಯಂ ಹಾರ್ವಿ 1628ರಲ್ಲಿ ರಕ್ತ ಸುತ್ತು ಹೊಡೆಯುತ್ತೆ ಎಂದು ತೋರಿಸಿಕೊಟ್ಟ. ಆ ಬಾಗಿಲುಗಳು ಒಮ್ಮುಖ ರಸ್ತೆಯ ಗೇಟುಗಳು. ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ.

ಈಗ ಸ್ವಲ್ಪ ಲೆಕ್ಕ. ನಿಂತ ಮನುಷ್ಯನ ಹೃದಯದಿಂದ ಹರಡಿನವರೆಗೆ ಸುಮಾರು 1.2 ಮೀಟರ್ ಎತ್ತರದ ರಕ್ತದ ಕಂಬ ಇದೆ. ಅದರ ಭಾರಕ್ಕೆ ಹರಡಿನ ಅಭಿಧಮನಿಯಲ್ಲಿ ಒತ್ತಡ ಪಾದರಸದ 90 ಮಿಲಿಮೀಟರ್ ಆಸುಪಾಸಿಗೆ ಏರುತ್ತದೆ. ನಡೆದಾಗ ಮೀನಖಂಡ ಪಂಪಿನಂತೆ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತೆ, ಒತ್ತಡ 30ರ ಸುತ್ತಮುತ್ತ ಇಳಿಯುತ್ತೆ. ಬಾಗಿಲು ಕೆಟ್ಟರೆ ತಳ್ಳಿದ ರಕ್ತ ಮತ್ತೆ ಕೆಳಕ್ಕೆ. ವರ್ಷಗಟ್ಟಲೆ ಹೀಗಾದರೆ ಊತ, ಕಪ್ಪುಗಟ್ಟಿದ ಚರ್ಮ, ಕೊನೆಗೆ ಹುಣ್ಣು.

ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿ ಮಾಡುವುದನ್ನು ಕಂಡುಕೊಂಡ. 1848ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರೌನ್ ರಬ್ಬರ್ ದಾರದ ಕಾಲುಚೀಲಕ್ಕೆ ಪೇಟೆಂಟ್ ಪಡೆದ. ಬಿಗಿಯೇನೋ ಬಂತು, ಆದರೆ ಎಲ್ಲಿ ಎಷ್ಟು ಬಿಗಿ ಅನ್ನುವ ಲೆಕ್ಕ ಕೂಡಿಬರಲು ಇನ್ನೂ ನೂರು ವರ್ಷ ಬೇಕಾಯ್ತು.

ಆ ಲೆಕ್ಕ ಕೂಡಿಸಿದವನು ಡಾಕ್ಟರ್ ಅಲ್ಲ! ಕಾನ್ರಾಡ್ ಜಾಬ್ಸ್ಟ್, ಅಮೆರಿಕದ ಟೊಲಿಡೊ ನಗರದಲ್ಲಿದ್ದ ಜರ್ಮನ್ ಮೂಲದ ಇಂಜಿನಿಯರ್. ಅವನಿಗೂ ಅಪ್ಪನಿಗಿದ್ದದ್ದೇ ಕಾಲಿನ ಹುಣ್ಣು. ಈಜುಕೊಳದಲ್ಲಿ ನಿಂತಾಗ ಮಾತ್ರ ನೋವು ಇಳಿಯುತ್ತಿತ್ತು. ಆಳಕ್ಕೆ ಹೋದಂತೆ ನೀರಿನ ಒತ್ತಡ ಹೆಚ್ಚುತ್ತದಲ್ಲ, ಹರಡಿಗೆ ಜಾಸ್ತಿ, ಮೇಲೆ ಮೇಲೆ ಕಡಿಮೆ. ಒಳಗಿನ ರಕ್ತದ ಕಂಬಕ್ಕೆ ಹೊರಗಿನ ನೀರಿನ ಕಂಬ ಸರಿಸಮ. ಈ ಈಜುಕೊಳವನ್ನೇ ಬಟ್ಟೆಯಲ್ಲಿ ಹೆಣೆದರೆ? 1950ರ ಹೊತ್ತಿಗೆ ಕೆಳಗೆ ಬಿಗಿ, ಮೇಲೆ ಸಡಿಲ ಇರುವ ಕಾಲುಚೀಲ ಮಾಡಿದ. ಇವತ್ತಿಗೂ ಇದೇ ತತ್ವ.

ನಾನು ಇದೇ ಸೂತ್ರವನ್ನು ಕಾಲೇಜಿನಲ್ಲಿ ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದವನು. ಮನೆಯಲ್ಲೇ ಇದ್ದ ಕಾಲು ಕಾಣಲಿಲ್ಲ.

ಕೂತೇ ಕೆಲಸ ಮಾಡುವ ನಮ್ಮಂಥವರದ್ದೂ ಒಂದು ಕತೆಯಿದೆ. 1940ರಲ್ಲಿ ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಜನ ರಾತ್ರಿಯಿಡೀ ನೆಲಮಾಳಿಗೆಗಳಲ್ಲಿ ಮಡಚುಕುರ್ಚಿಗಳ ಮೇಲೆ ಕೂತಿರುತ್ತಿದ್ದರು. ಬಾಂಬಿಗೆ ಸಿಗದೆ ಉಳಿದವರಲ್ಲೂ ಕೆಲವರು ದಿಢೀರನೆ ಸತ್ತರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿತ್ತು ಎಂದು ಕೀತ್ ಸಿಂಪ್ಸನ್ ಎಂಬ ಶವಪರೀಕ್ಷಾ ವೈದ್ಯ ಬರೆದ. ವಿಮಾನದಲ್ಲೂ ಇದೇ ಅಪಾಯ. 2001ರಲ್ಲಿ ಲಂಡನ್ನಿನ ವೈದ್ಯರು ದೂರದ ವಿಮಾನಯಾನದ 231 ಪ್ರಯಾಣಿಕರನ್ನು ಪರೀಕ್ಷೆಗೆ ಸೇರಿಸಿಕೊಂಡರು, ಎಲ್ಲರೂ 50 ದಾಟಿದವರು. ಬಿಗಿ ಚೀಲ ಹಾಕದವರಲ್ಲಿ 12 ಜನರ ಕಾಲಲ್ಲಿ ಗೊತ್ತೇ ಆಗದಂತೆ ಹೆಪ್ಪುಗಟ್ಟಿತ್ತು. ಹಾಕಿದವರಲ್ಲಿ ಒಬ್ಬರಿಗೂ ಇಲ್ಲ.

ಹಾಗಂತ ಇದು ಸಂಜೀವಿನಿ ಅಲ್ಲ. ಪಾರ್ಶ್ವವಾಯು ರೋಗಿಗಳಿಗೆ ತೊಡೆಯವರೆಗಿನ ಚೀಲ ಹಾಕಿದರೆ ಉಪಯೋಗವಿಲ್ಲ, ಚರ್ಮಕ್ಕೆ ಗಾಯವಾಗೋದೇ ಹೆಚ್ಚು ಎಂದು 2009ರ ದೊಡ್ಡ ಪರೀಕ್ಷೆಯೊಂದು ತೋರಿಸಿತು. ಕಾಲಿಗೆ ರಕ್ತ ತರುವ ಅಪಧಮನಿಯೇ ಕಿರಿದಾಗಿದ್ದರೆ ಬಿಗಿ ಚೀಲ ಕಾಲಿಗೇ ಕುತ್ತು. ಸಕ್ಕರೆ ಕಾಯಿಲೆಯವರಂತೂ ಡಾಕ್ಟರನ್ನು ಕೇಳದೆ ಹಾಕಲೇಬಾರದು. ಅಪ್ಪನಿಗೂ ಮೊದಲು ಕೈಯ ಬಿಪಿ, ಕಾಲಿನ ಬಿಪಿ ಎರಡನ್ನೂ ಹೋಲಿಸಿ ನೋಡಿದ್ದರು. ನಮಗೆ ಆಗ ಅದೂ ಬಿಸಿನೆಸ್ ಥರ ಕಂಡಿತ್ತು!

ಎರಡನೇ ಸಲ ಹುಣ್ಣು ಮಾಯಲು ಐದು ತಿಂಗಳು ಹಿಡಿಯಿತು. ಚೀಲವನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯೋಕೆ ಮುಂಚೆ, ಊತ ಬರೋ ಮೊದಲೇ ಹಾಕಬೇಕು. ಅಪ್ಪನಿಗೆ ಬಗ್ಗೋಕೆ ಕಷ್ಟ. ಊರಿಗೆ ಹೋದಾಗ ಆ ಕೆಲಸ ನನ್ನದು. ಸುಕ್ಕು ಬರದ ಹಾಗೆ ಹಿಮ್ಮಡಿಯಿಂದ ನಿಧಾನಕ್ಕೆ ಮೇಲೆಳೆಯುತ್ತೇನೆ. ಬಿಸಿನೆಸ್ ಅಂದಿದ್ದರ ಬಗ್ಗೆ ಅಪ್ಪ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಚೀಲ ಮೊಣಕಾಲಿನ ಹತ್ತಿರ ಬಂದ ಕೂಡಲೇ "ರೈಟ್, ರೈಟ್" ಅಂತಾರೆ ಅಷ್ಟೇ.