ಗೇರುಸೊಪ್ಪೆಯ ಬೆಳ್ಳಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ತೆಂಗಿನ ಸೀಮೆಗೂ ಕಡಲಿಗೂ ಉಪ್ಪಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ. ಆದರೆ ತೆಗೆದಿಡುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರು ಕಡಿಮೆ. ಕಾಯಿ ಕೆಡವಿದ ದಿನವೇ ಮಾರಿ ಕೈತೊಳೆದುಕೊಳ್ಳುವವರಲ್ಲ ನಾವು. ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಬೇಕು, ತಿರುಳು ಕರಟ ಬಿಡಬೇಕು, ಅಲ್ಲಾಡಿಸಿದರೆ ಸದ್ದು ಬರಬೇಕು. ಆಮೇಲೆಯೇ ಅದು ಕೊಬ್ಬರಿ. ಕಾಯಿಯನ್ನೇ ಇಷ್ಟು ಕಾಯುವ ಮನೆಗಳಲ್ಲಿ ಅಜ್ಜಿಯ ಕುಂಕುಮದ ಭರಣಿ, ತಾತನ ಕಾಗದ ಪತ್ರ, ರಾಣಿ ತಲೆಯ ಬೆಳ್ಳಿ ರೂಪಾಯಿ ಉಳಿದುಕೊಂಡಿದ್ದರೆ ಆಶ್ಚರ್ಯವೇನು? ಆದ್ದರಿಂದಲೇ ಮುಳುಗಿದ ಹಡಗಿನ ಚೂರುಪಾರುಗಳನ್ನು ಹುಡುಕಿ ಕೂಡಿಡುವವರ ಸುದ್ದಿ ಓದಿದಾಗ ನನಗೆ ನಗು ಬರುವುದಿಲ್ಲ, ಕುತೂಹಲವಾಗುತ್ತದೆ.

ಅಂಥವರ ಕಣ್ಣು ಮೊದಲು ಬೀಳುವುದು ಟೈಟಾನಿಕ್ ಮೇಲೆ. 1912ರ ಏಪ್ರಿಲ್ 15ರ ನಸುಕಿನಲ್ಲಿ ಅದು ಸುಮಾರು 1,500 ಜನರೊಂದಿಗೆ ಮುಳುಗಿತು. ಹಡಗು ಮುಳುಗುತ್ತಿದ್ದಾಗಲೂ ವಾದ್ಯ ನುಡಿಸುತ್ತಿದ್ದ ತಂಡದ ನಾಯಕ ವ್ಯಾಲೇಸ್ ಹಾರ್ಟ್ಲಿಯ ಪಿಟೀಲು 2013ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ಒಂಬತ್ತು ಲಕ್ಷ ಪೌಂಡಿಗೆ ಹೋಯಿತು. ಬದುಕಿ ಉಳಿದವರನ್ನು ಎತ್ತಿಕೊಂಡ ಕಾರ್ಪೇಥಿಯಾ ಹಡಗಿನ ಕಪ್ತಾನ ರಾಸ್ಟ್ರನ್‌ಗೆ, ಆ ರಾತ್ರಿ ಗಂಡಂದಿರನ್ನು ಕಳೆದುಕೊಂಡ ಮೂವರು ಹೆಂಗಸರು ಕೃತಜ್ಞತೆಗೆಂದು ಒಂದು ಚಿನ್ನದ ಗಡಿಯಾರ ಕೊಟ್ಟಿದ್ದರು. 2024ರಲ್ಲಿ ಅದರ ಬೆಲೆ 15 ಲಕ್ಷ 60 ಸಾವಿರ ಪೌಂಡು. ಚಿನ್ನದ ತೂಕಕ್ಕೆ ಯಾರೂ ಅಷ್ಟು ಹಣ ಕೊಡುವುದಿಲ್ಲ. ಆ ಮೂವರ ದುಃಖಕ್ಕೆ, ಆ ಕೃತಜ್ಞತೆಗೆ ಕೊಟ್ಟ ಬೆಲೆ ಅದು. ದುಃಖವನ್ನು ಹೀಗೆ ಕೊಳ್ಳಬಹುದೇ? 1985ರಲ್ಲಿ ಟೈಟಾನಿಕ್ ಬಿದ್ದಿದ್ದ ಜಾಗವನ್ನು ಪತ್ತೆಹಚ್ಚಿದ ತಂಡದ ರಾಬರ್ಟ್ ಬಲ್ಲಾರ್ಡ್ ಅದನ್ನು ಸಮಾಧಿಯೆಂದೇ ತಿಳಿದು, ಒಂದು ಲೋಟವನ್ನೂ ಮೇಲೆ ತರಲಿಲ್ಲ. ಎರಡೇ ವರ್ಷದಲ್ಲಿ ಬೇರೆಯವರು ಹೋಗಿ ತಟ್ಟೆ, ಬಟ್ಟಲುಗಳನ್ನು ಎತ್ತತೊಡಗಿದರು. ಆ ವಾದ ಇಂದಿಗೂ ಮುಗಿದಿಲ್ಲ.

ಇದೆಲ್ಲ ದೂರದ ಮಾತೆಂದು ಬಿಡಬಹುದಿತ್ತು. ಆದರೆ ಹಾಗೆ ಮುಳುಗಿದ ಹಡಗುಗಳಲ್ಲಿ ಒಂದಕ್ಕೆ ನಮ್ಮ ಕನ್ನಡ ನಾಡಿನ ಊರಿನ ಹೆಸರಿದೆ: ‘ಗೇರುಸೊಪ್ಪ’. ಶರಾವತಿಯ ದಡದ ಗೇರುಸೊಪ್ಪೆ ಗೊತ್ತಲ್ಲ? 16ನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳಿದ ಊರು. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿಯೆಂದೇ ಕರೆದರು. ಬ್ರಿಟಿಷರು ನಮ್ಮ ಜೋಗಕ್ಕೂ ಗೇರುಸೊಪ್ಪೆಯ ಜಲಪಾತವೆನ್ನುತ್ತಿದ್ದರು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ತನ್ನ ಹಡಗುಗಳಿಗೆ ಇಂಥ ಊರುಗಳ ಹೆಸರನ್ನೇ ಇಡುತ್ತಿತ್ತು. ಗೇರುಸೊಪ್ಪ ಟೈಟಾನಿಕ್‌ನಂತೆ ಶ್ರೀಮಂತರ ವೈಭವದ ಹಡಗಲ್ಲ, 1919ರಲ್ಲಿ ಕಟ್ಟಿದ ಸರಕಿನ ಹಡಗು.

1940ರ ಡಿಸೆಂಬರಿನಲ್ಲಿ ಅದು ಚಹ, ಬೀಡು ಕಬ್ಬಿಣ, ಬೆಳ್ಳಿ ಗಟ್ಟಿ ಮತ್ತು ಟಪಾಲಿನ ಮೂಟೆಗಳನ್ನು ಹೊತ್ತು ಕಲ್ಕತ್ತೆಯಿಂದ ಇಂಗ್ಲೆಂಡಿಗೆ ಹೊರಟಿತು. ಯುದ್ಧಕಾಲ, ಹಡಗುಗಳು ಗುಂಪಾಗಿ ಸಾಗುತ್ತಿದ್ದವು. ಬಿರುಗಾಳಿಯಲ್ಲಿ ಕಲ್ಲಿದ್ದಲು ಸಾಲದೆ ಗೇರುಸೊಪ್ಪ ಗುಂಪು ಬಿಟ್ಟು ಐರ್ಲೆಂಡಿನತ್ತ ತಿರುಗಿತು. 1941ರ ಫೆಬ್ರವರಿ 16ರ ರಾತ್ರಿ ಜರ್ಮನರ ಜಲಾಂತರ್ಗಾಮಿ ಅದನ್ನು ಹೊಡೆಯಿತು. ಅದರಲ್ಲಿದ್ದ 86 ಜನರಲ್ಲಿ ಹೆಚ್ಚಿನವರು ಭಾರತೀಯ ಲಸ್ಕರರು, ನಮ್ಮ ಮಾತಿನಲ್ಲಿ ಖಲಾಸಿಗಳು. ಒಂದು ದೋಣಿ ಮಾತ್ರ ಎರಡನೇ ಅಧಿಕಾರಿ ರಿಚರ್ಡ್ ಐರ್ಸ್ ಕೈಯಲ್ಲಿ ಹದಿಮೂರು ದಿನ ತೇಲಿತು. ಚಳಿ, ಹಸಿವು, ಬಾಯಾರಿಕೆಯಲ್ಲಿ ಒಬ್ಬೊಬ್ಬರೇ ಹೋದರು. ಇಂಗ್ಲೆಂಡಿನ ಕಾರ್ನ್‌ವಾಲ್ ದಡ ಕಂಡಾಗ ಅಲೆಗೆ ಸಿಕ್ಕಿ ದೋಣಿ ಮಗುಚಿತು. ಬಾಂಬಿನ ಭಯಕ್ಕೆ ಊರು ಬಿಟ್ಟು ಬಂದು ಅಲ್ಲಿದ್ದ ಶಾಲೆಯ ಹುಡುಗಿಯರು ನೋಡಿ ಕೂಗಿಕೊಂಡಿದ್ದರಿಂದ ಐರ್ಸ್ ಒಬ್ಬರು ಉಳಿದರು. ಉಳಿದ 85 ಜನರೂ ಇಲ್ಲವಾದರು.

ಎಪ್ಪತ್ತು ವರ್ಷ ಹಡಗನ್ನು ಯಾರೂ ಕೇಳಲಿಲ್ಲ. 2011ರಲ್ಲಿ ಅಮೆರಿಕದ ಒಡಿಸ್ಸಿ ಮರೀನ್ ಕಂಪನಿ ಸುಮಾರು 4,700 ಮೀಟರ್ ಆಳದಲ್ಲಿ ಅದನ್ನು ಪತ್ತೆಹಚ್ಚಿತು. ಟೈಟಾನಿಕ್ ಇರುವುದು ಸುಮಾರು 3,800 ಮೀಟರ್ ಆಳದಲ್ಲಿ. ಇದು ಅದಕ್ಕಿಂತಲೂ ಕೆಳಗೆ. 2012 ಮತ್ತು 2013ರಲ್ಲಿ ಯಂತ್ರಗಳನ್ನು ಇಳಿಸಿ 2,792 ಬೆಳ್ಳಿ ಗಟ್ಟಿಗಳನ್ನು ಎತ್ತಿದರು. ನೂರು ಟನ್ನಿಗೂ ಮೀರಿದ ಬೆಳ್ಳಿ. ಬ್ರಿಟಿಷ್ ಸರ್ಕಾರ ತನ್ನ ಪಾಲಿಗೆ ಬಂದದ್ದರಲ್ಲಿ ಸ್ವಲ್ಪವನ್ನು ಟಂಕಸಾಲೆಗೆ ಕಳಿಸಿ ಪುಟ್ಟ ನಾಣ್ಯಗಳನ್ನು ಹೊಡೆಸಿತು. ಅದರ ಅಂಚಿನಲ್ಲಿ ಹಡಗಿನ ಹೆಸರಿದೆ. ಕೂಡಿಡುವವರು ಅದನ್ನು ಕೊಂಡುಕೊಂಡರು. ಹೀಗೆ ಚೆನ್ನಭೈರಾದೇವಿಯ ಊರಿನ ಹೆಸರು ಯಾರು ಯಾರದೋ ಪೆಟ್ಟಿಗೆ ಸೇರಿತು. ಆದರೆ ಆ ಬೆಳ್ಳಿಯ ಜೊತೆ ಮುಳುಗಿದ ಖಲಾಸಿಗಳ ಹೆಸರು ಅದರ ಮೇಲಿಲ್ಲ.

ಆ ಹಡಗು ಹೊರಟ 1940ರಲ್ಲೇ ಇಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಲ್ಲಿಯವರೆಗೆ ರೂಪಾಯಿಯಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿಯಿತ್ತು. ಸರ್ಕಾರ ಅದನ್ನು ಅರ್ಧಕ್ಕೆ ಇಳಿಸಿತು, ಒಂದು ರೂಪಾಯಿಯ ಕಾಗದದ ನೋಟನ್ನೂ ಹೊರತಂದಿತು. ಹಳೆಯ ರೂಪಾಯಿ ಸಿಕ್ಕ ಮನೆಗಳು ಅದನ್ನು ಬಿಡದೆ ಹಿಡಿದಿಟ್ಟುಕೊಂಡವು. ಲಕ್ಷ್ಮೀಪೂಜೆಗೆ ಕಲಶದ ಮುಂದೆ ಇಂದಿಗೂ ನಾವು ಇಡುವ ಬೆಳ್ಳಿ ರೂಪಾಯಿಗಳು ಆ ಕಾಲವನ್ನು ಕಂಡವು. ಯುದ್ಧ ನಮ್ಮ ಅಡಿಗೆಮನೆಯ ಡಬ್ಬಿಗೂ ಕೈ ಹಾಕಿತ್ತು ಎನ್ನುವುದಕ್ಕೆ ಅವೇ ಸಾಕ್ಷಿ.

ನನ್ನ ಮನಸ್ಸು ನಿಲ್ಲುವುದು ಬೆಳ್ಳಿಯಲ್ಲಲ್ಲ, ಆ ಟಪಾಲಿನಲ್ಲಿ. ಹಡಗಿನೊಳಗೆ ಬೆಳಕೂ ಗಾಳಿಯೂ ತಾಗದ ಮೂಲೆಯಲ್ಲಿ ಹುಗಿದುಹೋಗಿದ್ದ 700ಕ್ಕೂ ಹೆಚ್ಚು ಕಾಗದಗಳು ಎಪ್ಪತ್ತು ವರ್ಷ ಕಳೆದರೂ ಓದಲು ಬರುವಂತಿದ್ದವು. ಹಿಂದೂಸ್ತಾನದಲ್ಲಿದ್ದ ಸಿಪಾಯಿಗಳು, ಪಾದ್ರಿಗಳು, ವ್ಯಾಪಾರಸ್ಥರು ತಮ್ಮವರಿಗೆ ಬರೆದವು. ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ 2018ರಲ್ಲಿ ಅವುಗಳಲ್ಲಿ ಕೆಲವನ್ನು ಜನರ ಮುಂದಿಟ್ಟಿತು. ಟಪಾಲಿನವನ ದಾರಿ ಕಾದ ಹೆಂಗಸಿಗೆ ಇದನ್ನು ವಿವರಿಸಬೇಕಿಲ್ಲ. ಕಾಗದ ಬರಲಿಲ್ಲವೆಂದರೆ ಮರೆತರೋ, ಮುನಿಸೋ, ಕಾಯಿಲೆಯೋ ಎಂದು ನೂರು ಯೋಚನೆ. ಬರೆದವರು ಬರೆದಿದ್ದರು; ತಲುಪಲಿಲ್ಲ, ಅಷ್ಟೆ.

ಆ ಖಲಾಸಿಗಳ ಮನೆಗಳಲ್ಲೂ ಕಾದವರಿದ್ದರಲ್ಲ? ಅವರ ಕಡೆಯ ಮಾತು ಯಾವ ಹರಾಜಿಗೂ ಬರುವುದಿಲ್ಲ. ಆದರೆ ಎರಡನೇ ಮಹಾಯುದ್ಧದಲ್ಲಿ ಕಡಲ ಪಾಲಾದ ಹಿಂದೂಸ್ತಾನದ ವ್ಯಾಪಾರಿ ಹಡಗುಗಳ ಸುಮಾರು ಆರು ಸಾವಿರ ನಾವಿಕರಿಗಾಗಿ ಒಂದು ಹೆಸರಿನ ಪುಸ್ತಕ ಬರೆಸಿದ್ದಾರೆ. ಅದರ ಒಂದು ಪ್ರತಿ ಚಿತ್ತಗಾಂಗಿನ ಯುದ್ಧ ಸ್ಮಶಾನಕ್ಕೆ, ಇನ್ನೊಂದು ಮುಂಬಯಿಯ ನಾವಿಕರ ಮನೆಗೆ. ಅದನ್ನು ಯಾರೂ ಕೊಳ್ಳಲಾರರು, ಯಾರೂ ಮಾರಲಾರರು. ಹಡಗಿನ ನೆನಪಿಗೆ ಏನಾದರೂ ಇಟ್ಟುಕೊಳ್ಳಬೇಕೆಂದರೆ, ನನಗನ್ನಿಸುವಂತೆ, ಬೆಳ್ಳಿಗಿಂತ ಆ ಪುಸ್ತಕವೇ ಮೇಲು.

ವಸ್ತು ಉಳಿದರೆ ನೆನಪು ತಾನಾಗಿ ಉಳಿಯುತ್ತದೆಂದು ನಾವು ನಂಬಿದ್ದೇವೆ. ಹೆಸರು ಕಳಚಿಕೊಂಡ ರೂಪಾಯಿ ಅಕ್ಕಸಾಲಿಗನ ತಕ್ಕಡಿಯಲ್ಲಿ ಬರೀ ಬೆಳ್ಳಿ. ಮುಂದಿನ ಸಲ ಟ್ರಂಕು ತೆಗೆದಾಗ ಒಂದು ಚೀಟಿ, ಒಂದು ಸೀಸದ ಕಡ್ಡಿ ಜೊತೆಗಿರಲಿ. ಇದು ಯಾರದು, ಯಾವ ಊರಿನಿಂದ ಬಂತು, ಯಾವ ವರ್ಷ, ಯಾರು ಯಾರಿಗೆ ಕೊಟ್ಟದ್ದು: ನಾಲ್ಕೇ ಸಾಲು ಬರೆದು ಜೊತೆಯಲ್ಲೇ ಕಟ್ಟಿಡಿ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳಿ.